ಕಿವಿ ಮುಟ್ಟಿದ ಕೈ

ಬೊಮ್ಮಸಂದ್ರ
೧೪ ಮೇ ೨೦೨೫

ಪ್ರೀತಿಯ ಅವ್ವ,

ಆಯಿ ಎದ್ದು ಕೂರುತ್ತಾಳೆಯೇ? ಸೊಂಟದ ನೋವು ಇಳಿದಿದೆಯೇ? ಅವಳನ್ನು ಎತ್ತಿ ಎತ್ತಿ ನಿನ್ನ ಬೆನ್ನು ಹಿಡಿದಿರುತ್ತದೆ, ಎಣ್ಣೆ ಹಚ್ಚಿಕೋ. ಫೋನಿನಲ್ಲಿ ಇಷ್ಟೆಲ್ಲ ಕೇಳಲು ಆಗುವುದಿಲ್ಲ. ಫೋನು ಅಣ್ಣನದು, ಮಾತಾಡುವಾಗ ಅವನು ಪಕ್ಕದಲ್ಲೇ ಕೂತಿರುತ್ತಾನೆ. ಅದಕ್ಕೇ ಈ ಪತ್ರ. ಪಕ್ಕದ ರೂಮಿನ ಪರಮಾನಂದ ಮಾವ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ. ಪಕ್ಕದ ಮನೆಯ ಸವಿತಾಳಿಂದ ಓದಿಸು, ಬೇರೆ ಯಾರಿಂದಲೂ ಬೇಡ.

ಮೂರು ದಿನದಿಂದ ಒಂದೇ ಕನಸು, ಅವ್ವ. ಗುಳಿಗೆ ಕಂಪನಿಯ ಗೇಟಿನಲ್ಲಿ ನಿಂತಿದ್ದೇನೆ. ವಾಚ್‌ಮನ್ ಕಾಗದ ಕೇಳುವುದಿಲ್ಲ, "ತಲೆ ಮೇಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟು" ಎನ್ನುತ್ತಾನೆ. ಬೇಕೆಂದೇ ಕೈ ಮಡಚಿಕೊಳ್ಳುತ್ತೇನೆ, ಅದು ಬೆಳೆದುಕೊಂಡೇ ಹೋಗುತ್ತದೆ. "ಮುಟ್ತಲ್ಲ, ಒಳಗ್ ನಡಿ" ಎನ್ನುತ್ತಾನೆ. ಎಚ್ಚರವಾದಾಗ ಭುಜ ನಿಜವಾಗಿಯೂ ನೋಯುತ್ತಿರುತ್ತದೆ.

ಎಸ್ಸೆಸ್ಸೆಲ್ಸಿ ಪಾಸಾದ ದಿನ ಅಣ್ಣ ಜಿಲೇಬಿ ತಂದ. ಇಲ್ಲವೆನ್ನಬಾರದು, ತಂದ. ಪೊಟ್ಟಣ ಬಿಚ್ಚುವ ಮೊದಲೇ "ಏನಾಗ್ತಿ ಹೇಳು, ಅದನ್ನ ಓದಸ್ತೀನಿ" ಎಂದು ಕೇಳಿದ. "ಗೊತ್ತಿಲ್ಲಣ್ಣ" ಎಂದೆ. "ಗೊತ್ತಿಲ್ದಾಕಿಗೆ ಕಾಲೇಜ್ ಯಾಕ? ಗೊತ್ತಾಗೂತನ ದುಡಿ" ಎಂದು ಮರುದಿನವೇ ಗುಳಿಗೆ ಕಂಪನಿಯ ಗುತ್ತಿಗೆದಾರನಿಗೆ ಮಾತು ಕೊಟ್ಟು ಬಂದ. ಹದಿನೆಂಟು ತುಂಬಿದವರನ್ನಷ್ಟೇ ಒಳಗೆ ಬಿಡುತ್ತಾರಂತೆ. ಮಾರ್ಕ್ಸ್ ಕಾರ್ಡಿನ ಪ್ರಕಾರ ನನಗೆ ಜೂನ್ ಒಂದಕ್ಕೆ ತುಂಬುತ್ತದೆ, ಎರಡಕ್ಕೆ ಕೆಲಸಕ್ಕೆ ಸೇರಬೇಕು. ಗುಳಿಗೆಗಳನ್ನು ಡಬ್ಬಿಗೆ ತುಂಬುವುದು, ದಿನವಿಡೀ ನಿಂತು.

ನನಗೆ ಎಂದೂ ಏನೂ ಬೇಕೆನಿಸಿರಲಿಲ್ಲ ಎಂದಲ್ಲ. ಊರಲ್ಲಿ ಮೂರನೇ ಕ್ಲಾಸಿನಲ್ಲಿದ್ದಾಗ ಕಂಡಕ್ಟರ್ ಆಗುತ್ತೇನೆ ಎಂದಿದ್ದೆ, ನೀನು ನಕ್ಕಿದ್ದೆ. ಸರ್ಜಾಪುರದ ಕಟ್ಟಡದ ಶೆಡ್ಡಿನಲ್ಲಿ ಎರಡು ವರ್ಷ ಶಾಲೆಯಿಲ್ಲದೆ ತಮ್ಮನನ್ನು ಆಡಿಸುತ್ತಿದ್ದಾಗ, ನಕ್ಷೆ ಹಿಡಿದು ಬರುತ್ತಿದ್ದ ಇಂಜಿನಿಯರ್ ಮೇಡಂ ಆಗಬೇಕೆನಿಸಿತ್ತು. ಮತ್ತೆ ಶಾಲೆಗೆ ಹೋದರೆ ಲೆಕ್ಕವೇ ತಿಳಿಯಲಿಲ್ಲ. ಭಿನ್ನರಾಶಿ ಕಲಿಸಿದ್ದ ವರ್ಷ ನಾನು ಶೆಡ್ಡಿನಲ್ಲಿದ್ದೆ. ಆಮೇಲೆ ಏನನ್ನಾದರೂ ಬೇಕು ಎನ್ನುವುದಕ್ಕೇ ಹೆದರಿಕೆಯಾಯಿತು.

ನಮ್ಮ ರೂಮಿನ ಓನರ್ ಕೃಷ್ಣಪ್ಪನವರ ಮಗಳು ಕಾವ್ಯಾ ನನಗಿಂತ ದೊಡ್ಡವಳು. ಸೈನ್ಸ್ ಸೇರಿ ಅರ್ಧಕ್ಕೆ ಬಿಟ್ಟಳು, ಕಾಮರ್ಸ್ ಸೇರಿ ಅದನ್ನೂ ಬಿಟ್ಟಳು. ನೀರು ಹಿಡಿಯುವಾಗ ಅವಳಮ್ಮ ಹೇಳುತ್ತಿದ್ದರು: "ಇನ್ನೂ ಯೋಚ್ನೆ ಮಾಡ್ತಾವ್ಳೆ ಕಣಮ್ಮ, ಈಗ್ಲೇ ಏನ್ ಅವಸ್ರ?" ಅವಳಿಗೆ ಗೊತ್ತಿಲ್ಲದಿದ್ದರೆ ಯೋಚನೆ, ನನಗೆ ಗೊತ್ತಿಲ್ಲದಿದ್ದರೆ ಡ್ಯೂಟಿ. ಕೊಡ ತುಂಬಿ ಚೆಲ್ಲಿದ ಮೇಲೆಯೇ ನಲ್ಲಿ ನಿಲ್ಲಿಸಿದೆ.

ಆಯಿಗೆ ನನ್ನ ಶರಣು. ತಮ್ಮನಿಗೆ ಬೆನ್ನ ಮೇಲೊಂದು ಗುದ್ದು. ಬಿಸಿಲು ಇಳಿದ ಮೇಲೆ ನೀರಿಗೆ ಹೋಗು.

ನಿನ್ನ ಮಗಳು
ಶೈಲಾ

ಮಾವ ಬ್ಯಾಗು ಹೆಗಲಿಗೇರಿಸಿ ನಿಂತಿದ್ದಾರೆ, ಆದರೂ ಇದನ್ನು ಬರೆಯಲೇಬೇಕು. ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿದ್ದು ಅಣ್ಣ. ನೀನು ಕೂಲಿಗೆ ಹೋಗಿದ್ದೆ, ಅವನ ಬಳಿ ಯಾವ ಕಾಗದವೂ ಇರಲಿಲ್ಲ. ಕೈ ಕಿವಿಗೆ ಮುಟ್ಟಿದರೆ ಆರು ವರ್ಷ ಎಂದು ಬರೆದುಕೊಳ್ಳುತ್ತೇನೆ ಎಂದರು ಹೆಡ್‌ಮಾಸ್ತರ್. ಮುಟ್ಟಲಿಲ್ಲ, ಅವ್ವ. ಅಣ್ಣ ಹಿಂದಿನಿಂದ ಮೊಣಕೈ ಒತ್ತಿ ಮುಟ್ಟಿಸಿದ. ನನ್ನನ್ನು ಸೇರಿಸಿಕೊಳ್ಳದಿದ್ದರೆ ನನ್ನನ್ನು ನೋಡಿಕೊಳ್ಳಲು ಅವನೇ ಶಾಲೆ ಬಿಡಬೇಕಿತ್ತು, ಪಾಪ. ಜೂನ್ ಒಂದು ಎಂದು ಬರೆದರು. ನೀನೋ, ಬಿಳಿಜೋಳದ ರಾಶಿ ಮಾಡುವಾಗ ನಾನು ಹುಟ್ಟಿದೆ ಎನ್ನುತ್ತಿದ್ದೆ. ಅದು ಶಿವರಾತ್ರಿಯ ಹೊತ್ತಿಗೆ, ಜೂನಿನಲ್ಲಿ ಎಲ್ಲಿಯ ರಾಶಿ? ಹೋದ ವಾರ ಅಣ್ಣ ಫೋನಿನಲ್ಲಿ ಕೇಳಿದಾಗ "ಬರಾಬರಿ ಐತಿ, ಹದಿನೆಂಟ" ಎಂದೆಯಲ್ಲ, ಕಾಗದ ನೋಡಿಸಿ ಹೇಳಿದೆಯೋ, ಅವನಿಗೆ ಅಂಜಿ ಹೇಳಿದೆಯೋ? ಟ್ರಂಕಿನಲ್ಲಿ ನನ್ನ ಚುಚ್ಚುಮದ್ದಿನ ಕಾರ್ಡಿದೆ. ಹುಟ್ಟಿದ ಇಸವಿಯ ಕೊನೆಗೆ ಏಳು ಇದ್ದರೆ ಹದಿನೆಂಟು ಆಗಿಯೇ ಹೋಗಿದೆ, ಸುಮ್ಮನೆ ಹೋಗಿ ನಿಲ್ಲುತ್ತೇನೆ. ಎಂಟು ಇದ್ದರೆ ನನಗಿನ್ನೂ ಹದಿನೇಳು, ಗೊತ್ತಿಲ್ಲದೆ ಇರುವುದಕ್ಕೆ ಮುಂದಿನ ರಾಶಿಯವರೆಗೆ ಸಮಯ ಸಿಗುತ್ತದೆ. ಸವಿತಾಳನ್ನು ಬಾಗಿಲ ಬೆಳಕಿಗೆ ಕೂರಿಸಿ ಆ ಒಂದು ಅಂಕಿ ಇನ್ನೊಮ್ಮೆ ನೋಡಿಸು.