ಗಟ್ಟಿಯಾಗಿ ಹೇಳಿದ ಆಮೆನ್

ಕರೂರು, ಸೋಮವಾರ

ಪಾಸ್ಟರ್ ಅಯ್ಯನವರಿಗೆ ಮೂಕಮ್ಮನ ನಮಸ್ಕಾರ.

ನನ್ನ ನೆನಪು ನಿಮಗೆ ಇರಲಿಕ್ಕಿಲ್ಲ. ದೀಪಾವಳಿಯ ಹಿಂದಿನ ವಾರ ನಿಮ್ಮ ಸಭೆಯವರೊಬ್ಬರನ್ನು ನೋಡಲು ಬಳ್ಳಾರಿಯ ಆಸ್ಪತ್ರೆಗೆ ಬಂದಿದ್ದಿರಿ. ಪಕ್ಕದ ಮಂಚದಲ್ಲಿ ನನ್ನ ಮಗಳು ಮೌನಿಕಾ ಇದ್ದಳು. "ನನ್ನ ಮಗಳಿಗೂ ಪ್ರಾರ್ಥನಿ ಮಾಡ್ರಿ ಅಯ್ಯಾ" ಎಂದು ನಾನೇ ಕರೆದೆ. ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಕೊನೆಗೆ "ನಿನ್ನ ಚಿತ್ತದಂತೆಯೇ ಆಗಲಿ" ಎಂದಿರಿ. ಎಲ್ಲರೂ ಆಮೆನ್ ಎಂದರು. ಗಟ್ಟಿಯಾಗಿ ಹೇಳಿದರೆ ದೇವರಿಗೆ ಬೇಗ ಕೇಳುತ್ತದೆಂದು ನಾನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದೆ. ಮರುದಿನ ಮೌನಿಕಾ ಹೋದಳು.

ಮೊನ್ನೆ ಭತ್ತದ ಸಸಿ ಹಚ್ಚುವಾಗ, ನಿಮ್ಮ ಸಭೆಗೆ ಬರುವ ಸುವಾರ್ತಮ್ಮನನ್ನು ಆಮೆನ್ ಎಂಬ ಮಾತಿನ ಅರ್ಥ ಕೇಳಿದೆ.

"ಹಂಗ ಆಗ್ಲಿ ಅಂತ ಅರ್ಥ ಅಕ್ಕಾ" ಎಂದಳು.

ಹಚ್ಚುತ್ತಿದ್ದ ಸಾಲು ಮುಗಿಸಲು ನನ್ನಿಂದ ಆಗಲಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ. ನಮ್ಮ ದೇವರಿಗಾದರೆ ನಾನೇ ಹೇಳಿಕೊಳ್ಳುತ್ತಿದ್ದೆ, ನಿಮ್ಮ ದೇವರಿಗೆ ಹೇಗೆ ಹೇಳಬೇಕೋ ತಿಳಿಯದು. ಈ ಭಾನುವಾರ ನೀವೇ ಆತನಿಗೆ ತಿಳಿಸಿರಿ: ಆ ದಿನ ಆಮೆನ್ ಎಂದ ತಾಯಿಗೆ ಅರ್ಥ ಗೊತ್ತಿರಲಿಲ್ಲ, ಅವಳು ಒಪ್ಪಿರಲಿಲ್ಲ.

ಮೌನಿಕಾ ಆತನ ಹತ್ತಿರವೇ ಇದ್ದರೆ ಅವಳಿಗೂ ಕೇಳಿಸಬೇಕು. ಸ್ವಲ್ಪ ಗಟ್ಟಿಯಾಗಿ ಹೇಳಿರಿ.

ಇಂತಿ,
ಮೌನಿಕಾಳ ತಾಯಿ
ಮೂಕಮ್ಮ