ಪಕ್ಕದ ಕುರ್ಚಿ

ಪ್ರೀತಿಯ ಮಗಳಿಗೆ,

ನಿಮ್ಮ ಕಲಾಸಂಘದ ಸಂಚಿಕೆಯಲ್ಲಿ, ನಿನ್ನ ತಾಯಿ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದರೆಂದು ಬರೆದಿದ್ದೀಯೆ. ಅದು ತಪ್ಪು. ಟಿಕೆಟ್ ಹರಿಯುತ್ತಿದ್ದವನು ಕಾವಲುಗಾರ. ಅವಳು, ಈಗ ನೀನು ಮಾಡುತ್ತಿರುವಂತೆಯೇ, ಜನರನ್ನು ಬೆಸೆಯುತ್ತಿದ್ದಳು. ಒಂಟಿಯಾಗಿ ಬಂದವರನ್ನು ಹಳೆಯ ಸದಸ್ಯರೊಬ್ಬರ ಪಕ್ಕದಲ್ಲಿಯೇ ಕೂರಿಸುವುದು ಅವಳ ಪದ್ಧತಿ. ನಾನು ಮೊದಲ ಸಲ ನಾಟಕಕ್ಕೆ ಹೋದ ಸಂಜೆ ಅಂಥ ಕುರ್ಚಿಗಳೆಲ್ಲ ತುಂಬಿದ್ದವು.

"ಮುಖ ನೋಡಿದ್ರೇನೇ ಮೇಷ್ಟ್ರು ಅಂತ ಗೊತ್ತಾಗುತ್ತೆ. ನಾಟಕಕ್ಕೂ ಮಾರ್ಕ್ಸ್ ಹಾಕ್ಬೇಡಿ ಮತ್ತೆ! ಬನ್ನಿ, ನಾನೇ ಪಕ್ಕದಲ್ಲಿ ಕೂತ್ಕೋತೀನಿ," ಎಂದಳು.

ಅವಳು ತೀರಿಕೊಂಡ ಮೇಲೆ ನಾನು ಆ ಸಭಾಂಗಣಕ್ಕೆ ಕಾಲಿಟ್ಟಿಲ್ಲ. ಈ ಶನಿವಾರದ ನಾಟಕಕ್ಕೆ ಬರುತ್ತೇನೆ. ಮುಂದಿನ ಸಾಲಿನ ಗೌರವಾಸನ ಬೇಡ. ಒಂಟಿಯಾಗಿ ಬಂದ ಯಾರಾದರೊಬ್ಬರನ್ನು ನನ್ನ ಪಕ್ಕದಲ್ಲಿ ಕೂರಿಸು. ನಾನೀಗ ಹಳೆಯ ಸದಸ್ಯ.

ನಿನ್ನ ತಂದೆ,
ಗುರುವಾರ, ೧೪ ನವೆಂಬರ್ ೨೦೨೪, ಬೆಳಗ್ಗೆ ೬ ಗಂಟೆ ೧೦ ನಿಮಿಷ.