ತೊಟ್ಟಿಯೊಳಗಿನ ಹುಳ

ಹದಿನಾಲ್ಕನೇ ತಾರೀಕು, ಬುಧವಾರ

ಚಿರಂಜೀವಿ ಸೊಸೆಗೆ ಅತ್ತೆಯ ಆಶೀರ್ವಾದ.

ನೀನು ತವರಿಗೆ ಹೋಗಿ ಇಪ್ಪತ್ತು ದಿನವಾಯಿತು. ಫೋನು ಎತ್ತುವುದಿಲ್ಲ, ಅದಕ್ಕೇ ಕಾಗದ. ತಡವಾಯಿತು, ನಿಜ. ಬೆರಳಿಗೆಲ್ಲ ಬ್ಯಾಂಡೇಜು ಸುತ್ತಿಕೊಂಡು ಪೆನ್ನು ಹಿಡಿಯುವುದು ಹೇಗೆ?

ಎಲ್ಲ ನಿನ್ನ ಉಪ್ಪುನೀರಿನ ಮೀನುತೊಟ್ಟಿಯ ಕೃಪೆ. ನೀನು ಮುಚ್ಚಳ ತೆರೆದಿಟ್ಟಿದ್ದಕ್ಕೇ ಮೀನು ಹಾರಿಹೋದವು ಎಂದು ಬೈದಿದ್ದೆನಲ್ಲ, ನೀನು ಹೋದ ಮೇಲೆ ಮುಚ್ಚಳ ನಾನೇ ಮುಚ್ಚಿದೆ, ಮೇಲೊಂದು ದಪ್ಪ ನಿಘಂಟನ್ನೂ ಹೇರಿದೆ. ಆದರೂ ಎರಡು ವಾರದ ಹಿಂದೆ ಹಳದಿ ಮೀನು ಮಾಯ. ಇಣುಕಿದರೆ ಕಲ್ಲಿನ ಸಂದಿಯಲ್ಲಿ ಗುಲಾಬಿ ಹುಳಗಳು, ಎರಡೂ ಬದಿಗೆ ಬಿಳಿ ಕೂದಲು. ನನ್ನ ಮನೆಯಲ್ಲಿ ಹುಳ! ಬರಿಗೈಯಲ್ಲೇ ಕಿತ್ತೆ. ಆ ಕೂದಲೆಲ್ಲ ಬೆರಳಿಗೆ ನಾಟಿತು. ಬಿಟ್ಟೆನೇ? ಚಿಮಟದಲ್ಲಿ ಇಪ್ಪತ್ತಮೂರು ಹಿಡಿದು, ಬಾಟಲಿಗೆ ತುಂಬಿ, ಅಕ್ವೇರಿಯಂ ಅಂಗಡಿಯವನ ಮುಂದೆ ಕುಕ್ಕಿದೆ.

ಅವನು ತಲೆ ಚಚ್ಚಿಕೊಂಡ. "ಅಯ್ಯೋ ಅಮ್ಮಾ, ಇವು ಮೀನು ತಿನ್ನಲ್ಲ. ಮಿಕ್ಕಿದ್ದು, ಕೊಳೆತಿದ್ದು ತಿಂದು ತೊಟ್ಟಿ ಚೊಕ್ಕಟ ಇಡ್ತವೆ. ಪಾಪದವನ್ನೇ ಹಿಡ್ಕೊಂಡು ಬಂದಿದ್ದೀರಲ್ಲ!"

"ಹಾಗಾದ್ರೆ ಮೀನು ತಿಂದಿದ್ದು ನಾನಾ?" ಎಂದೆ.

ಅವನೇ ಮನೆಗೆ ಬಂದ. ಪರದೆ ಎಳೆದು, ಕೆಂಪು ಟಾರ್ಚು ಬಿಟ್ಟು, ಸಿಗಡಿಯ ಚೂರು ಇಳಿಬಿಟ್ಟುಕೊಂಡು ಒಂದು ಗಂಟೆ ಕೂತ. ದೊಡ್ಡ ಕಲ್ಲಿನ ತೂತಿನಿಂದ ತಲೆಯೊಂದು ಹೊರಬಂತು. "ಮೀಸೆ ಎಣಿಸಿ ಅಮ್ಮಾ. ಐದು. ಇವನೇ ಕಳ್ಳ." ಕಲ್ಲನ್ನೇ ಎತ್ತಿ ಹೊರಗೆಳೆದರೆ ಮೊಳಕ್ಕಿಂತ ಉದ್ದದ ಹುಳ, ಕತ್ತರಿಯಂಥ ಬಾಯಿ. ಸಮುದ್ರದಿಂದ ಕಲ್ಲಿನ ಜೊತೆಗೇ ಬಂದು ಒಳಗೆ ಬೆಳೆದಿತ್ತಂತೆ.

"ಈಗ ಹೇಳಮ್ಮ, ಮುಚ್ಚಳದ ತಪ್ಪಾ?" ಎಂದ ನಿನ್ನ ಗಂಡ.

"ಬಾಯಿ ಮುಚ್ಚು. ಮೊದಲು ನೆಲ ಒರೆಸು" ಎಂದೆ.

ಈಗ ನೀರು ಮಬ್ಬಾಗಿದೆ. ಕಸ ತಿನ್ನುವವನ್ನೆಲ್ಲ ಬಾಟಲಿಗೆ ತುಂಬಿ ನಾನೇ ಕೊಂದೆನಲ್ಲ. ನಿನ್ನ ಗಂಡ ಉಪ್ಪು ಅಳೆಯುವುದನ್ನು ನೋಡಿದರೆ ಮೈ ಉರಿಯುತ್ತದೆ. ಉಳಿದಿರುವುದು ಎರಡೇ ಮೀನು. ನೀನು ಬಂದು ನೋಡಿಕೊಂಡರೆ ಸರಿ, ಇಲ್ಲದಿದ್ದರೆ ಅವೂ ಇಲ್ಲ.

ನಿನ್ನ ತಾಯಿಗೆ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಗಟ್ಟಿಯಾಗಿರು.

ನಿನ್ನ ಅತ್ತೆ

ತಾ. ಕ.: "ಒಂದು ಜೀವ ಉಳಿಸ್ಕೊಳ್ಳೋ ಯೋಗ್ಯತೆ ಇಲ್ಲ ನಿನಗೆ" ಎಂದು ಅವತ್ತು ಅಂದೆ. ಮೀನಿನ ಬಗ್ಗೆ ಅಂದಿದ್ದು ಎಂದು ನಿನ್ನ ಗಂಡನ ಮುಂದೆ ಇವತ್ತಿನವರೆಗೂ ಸಾಧಿಸಿದೆ. ನೀನು ಆಸ್ಪತ್ರೆಯಿಂದ ಬರಿಮಡಿಲಲ್ಲಿ ಬಂದು ಆಗ ಆರೇ ವಾರ. ಮೀನಿನ ಬಗ್ಗೆ ಅಂದಿದ್ದಲ್ಲ. ನೋಯಲಿ ಎಂದೇ ಅಂದೆ. ಇದನ್ನು ನಿನ್ನ ತಾಯಿಗೂ ಓದಿ ಹೇಳು.